ಎರಡನೆಯ ಅಕ್ಷರಾಭ್ಯಾಸ

ವಿದ್ಯಾಭ್ಯಾಸವೆಂಬುದು ಬಾಲ್ಯದಲ್ಲಿ ಆರಂಭವಾಗಿ ಪದವಿಯೊಡನೆ ಮುಗಿಯತಕ್ಕ ವ್ಯವಹಾರವೆಂದು ಲೋಕವು ಭಾವಿಸಿದೆ. ಪದವೀಧರನೊಬ್ಬನು ಪುನಃ ಅಕ್ಷರ ತಿದ್ದಲು ಕುಳಿತರೆ ನೋಡುವವರಿಗೆ ಅದು ವಿನೋದವಾಗಿ ತೋರಬಹುದು. ಆದರೆ ಇಂದು ನಾಡಿನ ಮಠಗಳಲ್ಲಿಯೂ ಶಾಲೆಗಳಲ್ಲಿಯೂ ವಚನಗಳು ಮಕ್ಕಳ ನಾಲಗೆಯ ಮೇಲೆ ನಲಿಯುತ್ತಿರುವುದಕ್ಕೆ, ಕಾನೂನು ಓದಿ ಮುಗಿಸಿದ ಬಳಿಕ ಹಾಗೆ ಎರಡನೆಯ ಸಲ ಅಕ್ಷರಾಭ್ಯಾಸಕ್ಕೆ ಕುಳಿತ ವಕೀಲರೊಬ್ಬರು ಬಹುಮಟ್ಟಿಗೆ ಕಾರಣರು. ಅವರೇ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ವ್ಯಾಸಂಗ ಮಾಡಿ, ಇಂದು ವಿಜಯಪುರವೆನಿಸಿರುವ ಅಂದಿನ ಬಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿ ನೆಲೆಗೊಂಡರು. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಸ್ಥಾಪಿಸಿದವರು ಅವರೇ. ಇಷ್ಟರಿಂದಲೇ ಒಂದು ಜನ್ಮ ಸಾರ್ಥಕವಾಯಿತೆಂದು ತೃಪ್ತರಾಗಿ ಕುಳಿತಿದ್ದರೂ ಯಾರೂ ಅವರನ್ನು ಆಕ್ಷೇಪಿಸುತ್ತಿರಲಿಲ್ಲ. ಆದರೆ ಗೋಕಾಕ, ರಬಕವಿ ಮೊದಲಾದ ಊರುಗಳ ಮನೆತನಗಳಲ್ಲಿ ಕಂಡ ಓಲೆಗರಿಯ ಕಟ್ಟುಗಳು ಅವರ ಮನಸ್ಸನ್ನು ಹಿಡಿದು ನಿಲ್ಲಿಸಿದವು.

ಆ ಕಟ್ಟುಗಳ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಅವು ಅನಾದರಕ್ಕೆ ಗುರಿಯಾಗಿದ್ದವೆಂದು ಹೇಳುವಂತಿಲ್ಲ. ಎಷ್ಟೋ ಮನೆಗಳಲ್ಲಿ ದೇವರ ಜಗುಲಿಯ ಮೇಲಿದ್ದು ವಿಭೂತಿ ಪತ್ರೆಗಳಿಂದ ಪೂಜೆಗೊಳ್ಳುತ್ತಿದ್ದವು. ಆದರೆ ದಾರ ಬಿಚ್ಚಿ ಓದುವವರಿರಲಿಲ್ಲ. ಹೊರಗಿನವರ ಕೈಗೆ ಕೊಡಲು ಮನಸ್ಸೂ ಇರಲಿಲ್ಲ. ಪೂಜೆಯು ಗ್ರಂಥವನ್ನು ಕಾಪಾಡಿತು, ನಿಜ. ಅದೇ ಪೂಜೆಯು ಗ್ರಂಥದ ಬಾಯಿಯನ್ನೂ ಕಟ್ಟಿತು. ಶರಣರು ಆಡುನುಡಿಯಲ್ಲಿ ಎಲ್ಲರಿಗಾಗಿ ಹೇಳಿದ ಮಾತು ಹೀಗೆ ಕೆಂಪು ವಸ್ತ್ರದೊಳಗೆ ಮೌನವಾಗಿದ್ದುದು ವಿಪರ್ಯಾಸವಲ್ಲದೆ ಮತ್ತೇನು?

ಇನ್ನು ಕಟ್ಟು ಕೈಗೆ ಬಂದರೂ ಓದುವುದು ಸುಲಭವಲ್ಲ. ಓಲೆಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳಿಗೆ ಬಣ್ಣವಿಲ್ಲ. ಕಾಡಿಗೆಯನ್ನೋ ಸೊಪ್ಪಿನ ರಸವನ್ನೋ ತೊಡೆದು ಒರೆಸಿದಾಗ ಮಾತ್ರ ಅವು ಕಣ್ಣಿಗೆ ಕಾಣುತ್ತವೆ. ಪದ ಪದಗಳ ನಡುವೆ ತೆರಪಿಲ್ಲ. ಒಂದು ವಚನ ಮುಗಿದು ಇನ್ನೊಂದು ತೊಡಗುವುದನ್ನು ಬಹುಮಟ್ಟಿಗೆ ಅಂಕಿತದಿಂದಲೇ ತಿಳಿಯಬೇಕು. ಕೂಡಲಸಂಗಮದೇವನೋ ಗುಹೇಶ್ವರನೋ ಚೆನ್ನಮಲ್ಲಿಕಾರ್ಜುನನೋ ಎಂಬುದರಿಂದಲೇ ವಚನಕಾರರನ್ನೂ ಗುರುತಿಸಬೇಕು. ಎಕಾರ ಒಕಾರಗಳಲ್ಲಿ ಹ್ರಸ್ವ ದೀರ್ಘಗಳ ಭೇದವನ್ನು ಲಿಪಿಕಾರರು ಸಾಮಾನ್ಯವಾಗಿ ತೋರಿಸುವುದಿಲ್ಲ. ಆದುದರಿಂದ ‘ಕೆಡು’ ಮತ್ತು ‘ಕೇಡು’, ‘ಕೊಡು’ ಮತ್ತು ‘ಕೋಡು’ ಒಂದೇ ರೂಪದಲ್ಲಿರುತ್ತವೆ. ಬಟ್ಟೆಯೆಂಬರ್ಥದ ‘ಅರಿವೆ’ಗೂ ಜ್ಞಾನವೇ ಎಂಬರ್ಥದ ‘ಅರಿವೇ’ಗೂ ಓಲೆಯಲ್ಲಿ ಅಂತರ ಕಾಣದು!

ಷಟ್ಪದಿಯಾದರೆ ಇಂತಹ ಸಂದೇಹಗಳನ್ನು ಛಂದಸ್ಸೇ ಎಷ್ಟೋ ಮಟ್ಟಿಗೆ ಪರಿಹರಿಸುತ್ತದೆ. ಭಾಮಿನಿಯ ಮೊದಲ ಪಾದದಲ್ಲಿ ಹದಿನಾಲ್ಕು ಮಾತ್ರೆ, ಮೂರನೆಯದರಲ್ಲಿ ಇಪ್ಪತ್ತಮೂರು. ಒಂದು ಹೆಚ್ಚಿದರೂ ಕಡಮೆಯಾದರೂ ಲೇಖಕನ ತಪ್ಪು ಹೊರಬೀಳುತ್ತದೆ. ಆದಿಪ್ರಾಸವು ಕಾವಲುಗಾರನಂತೆ ಎರಡನೆಯ ಅಕ್ಷರದಲ್ಲಿ ನಿಂತಿರುತ್ತದೆ. ವಚನಕ್ಕೆ ಈ ಕಾವಲಿಲ್ಲ. ಅಲ್ಲಿ ಅರ್ಥವೂ ಉಸಿರಿನ ಲಯವೂ ಅನ್ಯಪ್ರತಿಗಳ ಪಾಠವೂ ಮಾತ್ರ ಆಧಾರ. ಆದುದರಿಂದಲೇ ಒಂದು ಪ್ರತಿಯನ್ನು ಓದಿದವನು ಹತ್ತು ಪ್ರತಿಗಳನ್ನು ಹುಡುಕಬೇಕಾಗುತ್ತದೆ. ಷಟ್ಸ್ಥಲದ ಪರಿಭಾಷೆಯಂತೂ ಕೋಶಗಳಿಂದ ದೊರೆಯುವಂಥದಲ್ಲ. ಬಲ್ಲ ಹಿರಿಯರನ್ನೂ ಶಾಸ್ತ್ರಿಗಳನ್ನೂ ಕೇಳಿಯೇ ತಿಳಿಯಬೇಕು. ನ್ಯಾಯಾಲಯದಲ್ಲಿ ಇತರರಿಗೆ ವಾದಿಸಿ ತಿಳಿಸುವ ವಕೀಲರು ಈ ವಿದ್ಯೆಗೆ ಶಿಷ್ಯಭಾವದಿಂದ ಬರದೆ ಗತ್ಯಂತರವಿರಲಿಲ್ಲ.

ಹೀಗೆ ಸಂಗ್ರಹಿಸಿ ವಿಂಗಡಿಸಿದ ಸಾಮಗ್ರಿಯಿಂದ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಗ ಹಳಕಟ್ಟಿಯವರಿಗೆ ನಲವತ್ತಮೂರು ವರ್ಷ. ಪರರ ಮುದ್ರಣಾಲಯವನ್ನು ನಂಬಿ ಸಾವಿರಾರು ವಚನಗಳನ್ನು ಹೊರತರುವುದು ಆಗದ ಮಾತೆಂದು ಕಂಡು, 1925ರಲ್ಲಿ ಬಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಇದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರೆಂಬುದು ಪ್ರಸಿದ್ಧವಾಗಿದೆ. ಅಚ್ಚಿನ ಮೊಳೆ, ಕಾಗದದ ಲೆಕ್ಕ, ಕರಡು ತಿದ್ದುವಿಕೆ, ಚಂದಾ ವಸೂಲಿ ಎಲ್ಲವೂ ವಕೀಲರಿಗೆ ಹೊಸ ಪಾಠಗಳೇ. ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯೂ ಅವರಿಗೆ ಒದಗಿತು. 1927ರಲ್ಲಿ ‘ನವಕರ್ನಾಟಕ’ ಎಂಬ ವಾರಪತ್ರಿಕೆ. ಗೌರವಗಳು ಬಂದವೆಂದು ಸಂಶೋಧನೆ ನಿಲ್ಲಲಿಲ್ಲ; 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಜೀವನವು ಸರಳವಾಗಿ, ಬಹುಮಟ್ಟಿಗೆ ಬಡತನದಲ್ಲಿಯೇ ಸಾಗಿತು. ದಾನಿಗಳಿದ್ದ ನಾಡಿನಲ್ಲಿ ಹೀಗಾದುದು ಸಂಕೋಚಪಡತಕ್ಕ ಸಂಗತಿ.

ಸಮಕಾಲೀನರಾದ ಉತ್ತಂಗಿ ಚನ್ನಪ್ಪನವರ ಹೆಸರನ್ನು ಇಲ್ಲಿ ನೆನೆಯದಿರಲಾಗದು. ಕ್ರೈಸ್ತ ಪಾದ್ರಿಗಳಾಗಿದ್ದ ಅವರು ಊರೂರಿನಲ್ಲಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ಚರಿತ್ರೆಯನ್ನೂ ಆಸ್ಥೆಯಿಂದ ಅಭ್ಯಸಿಸಿದರು. ತಮ್ಮ ಮತವನ್ನು ಬಿಡದೆಯೇ ಅನ್ಯರ ಗ್ರಂಥಕ್ಕೆ ಶಿಷ್ಯರಾದ ಅವರ ನಿದರ್ಶನವು, ಹೊಸದನ್ನು ಕಲಿತರೆ ಹಳೆಯದು ಹೋದೀತೆಂದು ಅಂಜುವವರು ಗಮನಿಸತಕ್ಕದ್ದು.

ಹಳಕಟ್ಟಿಯವರು ನಿರ್ಣಯಿಸಿದ ಪಾಠಗಳೆಲ್ಲವೂ ಅಂತಿಮವಾಗಿ ನಿಲ್ಲಲಿಲ್ಲ. ಮುಂದೆ ಶಿ.ಶಿ. ಬಸವನಾಳ, ಆರ್.ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನು ಹೋಲಿಸಿ ಪರಿಷ್ಕರಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಹೊರತಂದಿತು. ಗುರುವಿನ ಪಾಠವನ್ನು ಶಿಷ್ಯನು ತಿದ್ದುವುದು ಗುರುದ್ರೋಹವೆಂದು ಬಗೆಯುವ ಹಳೆಯ ಪಂಡಿತರು ಇಂದಿಗೂ ಕೆಲವರುಂಟು. ಓಲೆ ಬಿಚ್ಚಬಾರದೆಂದವರ ಮಾತಿಗೂ ಈ ಮಾತಿಗೂ ಹೆಚ್ಚಿನ ಭೇದವಿಲ್ಲ.

ಈಗ ಓಲೆಗಳ ಛಾಯಾಚಿತ್ರ ತೆಗೆದು ಗಣಕಯಂತ್ರದ ತೆರೆಯ ಮೇಲೆ ಅಕ್ಷರಗಳನ್ನು ಹಿಗ್ಗಿಸಿ ನೋಡಬಹುದು. ಕಾಡಿಗೆ ತೊಡೆಯುವ ಶ್ರಮವೂ ಬಹಳಷ್ಟು ತಪ್ಪಿದೆ. ಐವತ್ತು ದಾಟಿದ ಉಪಾಧ್ಯಾಯರು ಈ ಯಂತ್ರವನ್ನು ಕಂಡು ಹಿಂಜರಿಯುವ ಕಾರಣವಿಲ್ಲ. ಯಂತ್ರದ ಬಳಕೆ ಕೆಲವು ದಿನಗಳ ಮಾತು, ಲಿಪಿಯ ಪರಿಚಯ ಕೆಲವು ತಿಂಗಳುಗಳ ಮಾತು. ಎಷ್ಟು ಹಿಗ್ಗಿಸಿದರೂ ‘ಅರಿವೆ’ ‘ಅರಿವೇ’ಗಳು ಒಂದೇ ಆಗಿ ತೋರುವುದರಿಂದ, ಕನ್ನಡ ಬಲ್ಲ ಹಿರಿಯರ ಅಗತ್ಯ ಆ ಕೆಲಸಕ್ಕೆ ಇದ್ದೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗಾಗಿಯೇ ವಿಭಾಗವೊಂದಿದೆ. ಮನೆಯ ಜಗುಲಿಯ ಮೇಲೆ ಇನ್ನೂ ಬಿಚ್ಚದ ಕಟ್ಟುಗಳುಳ್ಳ ಹಳೆಯ ವಿದ್ಯಾರ್ಥಿಗಳು, ಹುಳುವೂ ತೇವವೂ ತಗಲುವ ಮುನ್ನ, ಅವುಗಳ ಛಾಯಾಚಿತ್ರಕ್ಕಾದರೂ ಅವಕಾಶ ಮಾಡಿಕೊಡಬಹುದು. ಕಟ್ಟು ಮನೆಯ ಜಗುಲಿಗೇ ಹಿಂದಿರುಗುತ್ತದೆ.