ವಾರದ ಮನೆ, ಹಿರಿಯರ ಕಾಯಿದೆ

ಹಿಂದೆ ಮೈಸೂರು, ಬೆಂಗಳೂರುಗಳಿಗೆ ಓದಲು ಬಂದ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ಮನೆಯವರು ಸೇರಿ ಒಬ್ಬನನ್ನು ಸಾಕುತ್ತಿದ್ದರು. ಯಾವ ಕಾಯಿದೆಯೂ ಅವರನ್ನು ಬಲಾತ್ಕರಿಸಿರಲಿಲ್ಲ. (ಆ ಅನ್ನ ಜಾತಿಯ ಹೊಸಿಲು ದಾಟುತ್ತಿದ್ದುದು ಅಪರೂಪ, ಹಳೆಯದನ್ನು ಹೊಗಳುವ ನನ್ನಂಥವರು ಇದನ್ನು ಮರೆಮಾಚಬಾರದು.)

ಇಂದು ಅದೇ ಬೀದಿಗಳಲ್ಲಿ, ಮಕ್ಕಳನ್ನು ಪರದೇಶಕ್ಕೆ ಕಳುಹಿಸಿದ ವೃದ್ಧ ದಂಪತಿಗಳಿದ್ದಾರೆ. ತಂದೆತಾಯಿಗಳು ನ್ಯಾಯಮಂಡಳಿಯ ಮೊರೆಹೊಕ್ಕು ಮಕ್ಕಳಿಂದ ಜೀವನಾಂಶ ಪಡೆಯಬಹುದೆಂದು 2007ರ ಕಾಯಿದೆ ಹೇಳುತ್ತದೆ; ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ನಿರ್ದಯ ಮಕ್ಕಳಿಗೆ ಅದು ಇರಲಿ. ಆದರೆ ತಪ್ಪದೆ ಹಣ ಕಳುಹಿಸುವ ಮಗನ ತಾಯಿ ಯಾವ ಮಂಡಳಿಗೆ ದೂರು ಕೊಡಬೇಕು? ಆಕೆಗೆ ಬೇಕಾದುದು, ಊಟದ ಹೊತ್ತಿಗೆ ಎದುರು ಕುಳಿತು ‘ಇನ್ನೊಂದು ಸೌಟು ಸಾರು ಬಡಿಸಲೇ?’ ಎನ್ನುವ ಒಂದು ಜೀವ.

ವಾರದ ಮನೆಯ ಲೆಕ್ಕ ಇಲ್ಲಿಯೂ ಸಲ್ಲುತ್ತದೆ. ಬೀದಿಯ ಏಳು ಮನೆಯವರು ಸರದಿಯಂತೆ, ಜಾತಿ ಕೇಳದೆ, ಆ ಹಿರಿಯರನ್ನು ರಾತ್ರಿಯ ಊಟಕ್ಕೆ ಕರೆಯಲಿ. ಅಕ್ಕಿ ಒಂದು ಪಾವು ಹೆಚ್ಚು ಬೇಕಾದೀತು, ಅಷ್ಟೆ. ವಾಚಕರೇ, ನಿಮ್ಮ ಮನೆಗೆ ಯಾವ ವಾರ ಅನುಕೂಲ?