ಮಗುವಿಗೆ ಉಚ್ಚೆ ಕಟ್ಟಿದೆಯೇ? ಕಾಯಬೇಡಿ

ರಾಯದುರ್ಗ/ಮಡಕಶಿರಾ: ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಈ ಸೀಮೆಯಲ್ಲಿ ಮಗು ಉಚ್ಚೆ ಮಾಡದಿದ್ದರೆ 'ಉಷ್ಣ ಆಗಿದೆ' ಎಂದು ಬಾರ್ಲಿ ನೀರು ಕುಡಿಸಿ ಸುಮ್ಮನಾಗುವವರು ಬಹಳ. ಕೆಲವೊಮ್ಮೆ ಅಷ್ಟೇ ಸಾಕು. ಕೆಲವೊಮ್ಮೆ ಅದರಿಂದ ನೋವು ಇನ್ನೂ ಹೆಚ್ಚುತ್ತದೆ.

ಎರಡು ಬೇರೆ ತೊಂದರೆ

ಉಚ್ಚೆ ಕಡಿಮೆಯಾಗುವುದು ಬೇರೆ, ಕಟ್ಟುವುದು ಬೇರೆ. ವಾಂತಿ, ಭೇದಿ, ಬಿಸಿಲಿನಿಂದ ಮೈಯಲ್ಲಿ ನೀರು ಕಡಿಮೆಯಾದರೆ ಮೂತ್ರವೇ ಹೆಚ್ಚು ತಯಾರಾಗುವುದಿಲ್ಲ. ಬಾಯಿ ಒಣಗುತ್ತದೆ, ಬಂದ ಉಚ್ಚೆ ಗಾಢ ಹಳದಿ ಇರುತ್ತದೆ. ಇದಕ್ಕೆ ಓಆರ್‌ಎಸ್, ಗಂಜಿ, ಮಜ್ಜಿಗೆ, ಎಳನೀರು ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲನ್ನೇ ಪದೇಪದೇ ಕುಡಿಸಬೇಕು.

ಉಚ್ಚೆ ಕಟ್ಟಿದಾಗ ಮೂತ್ರಚೀಲ ತುಂಬಿರುತ್ತದೆ, ಹೊರಗೆ ಬರುವುದಿಲ್ಲ. ಹೊಕ್ಕುಳ ಕೆಳಗೆ ಉಬ್ಬಿರುತ್ತದೆ, ಮುಟ್ಟಿದರೆ ಮಗು ಅಳುತ್ತದೆ. ಆಗ ನೀರು ಕುಡಿಸುತ್ತಾ ಕೂರುವುದು, ಹೊಟ್ಟೆ ಒತ್ತುವುದು, ಬರೆ ಹಾಕುವುದು ಅಪಾಯ. ನೇರ ಆಸ್ಪತ್ರೆಗೆ ಹೋಗಬೇಕು.

ಕಾರಣಗಳೇನು?

ಮೂತ್ರದ ಸೋಂಕಿನಲ್ಲಿ ಉರಿಯುತ್ತದೆ. ಆ ಹೆದರಿಕೆಗೆ ಮಗು ತಡೆದುಕೊಳ್ಳುತ್ತದೆ. ಮಲಬದ್ಧತೆ, ಮೂತ್ರಚೀಲದ ಕಲ್ಲು ಕೂಡ ಕಾರಣ. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲದೆ ಹೆಣ್ಣುಮಕ್ಕಳು ನೀರೇ ಕುಡಿಯದೆ ಸಂಜೆವರೆಗೆ ತಡೆದರೆ ಸೋಂಕಿಗೆ ದಾರಿಯಾಗುತ್ತದೆ.

ಗಂಡುಕೂಸಿಗೆ ಉಚ್ಚೆ ಧಾರೆಯಾಗಿ ಬರದೆ ತೊಟ್ಟಿಕ್ಕುತ್ತಿದ್ದರೆ ಹುಟ್ಟಿನಿಂದಲೇ ಮೂತ್ರನಾಳದಲ್ಲಿ ಅಡ್ಡಪೊರೆ ಇರಬಹುದು. ತಡಮಾಡಿದರೆ ಮೂತ್ರಪಿಂಡ ಕೆಡುತ್ತದೆ. ಚಿಕ್ಕ ಗಂಡುಮಕ್ಕಳ ಮುಂದೊಗಲು ಹಿಂದೆ ಸರಿಯದಿರುವುದು ಮಾತ್ರ ಸಹಜ. ಬಲವಂತವಾಗಿ ಎಳೆಯಬಾರದು.

ತಡಮಾಡಬಾರದ ಲಕ್ಷಣಗಳು

ಕೂಸು 6 ಗಂಟೆ, ದೊಡ್ಡ ಮಗು 8 ಗಂಟೆ ಉಚ್ಚೆ ಮಾಡದಿದ್ದರೆ, ಚಳಿಜ್ವರ, ವಾಂತಿ, ಬೆನ್ನುನೋವು, ಉಚ್ಚೆಯಲ್ಲಿ ರಕ್ತ, ಮುಖ ಊತ, ಮಂಕು ಕಂಡರೆ ಅಂದೇ ತೋರಿಸಬೇಕು. ಕಾಲಿನಲ್ಲಿ ಶಕ್ತಿ ಇಲ್ಲದಂತಾದರೆ ಇನ್ನೂ ತುರ್ತು. 108 ಆಂಬುಲೆನ್ಸ್ ಎರಡೂ ರಾಜ್ಯಗಳಲ್ಲಿ ಇದೆ.

ಆಸ್ಪತ್ರೆಯಲ್ಲಿ

ಸ್ಥಳೀಯ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಬಹುದು. ದೊಡ್ಡಾಸ್ಪತ್ರೆ ಬೇಕಾದರೆ ರಾಯದುರ್ಗದವರಿಗೆ ಅನಂತಪುರ ಅಥವಾ ಬಳ್ಳಾರಿ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾದವರಿಗೆ ಹಿಂದೂಪುರ ಇದೆ. ಗಡಿ ದಾಟುವ ಮುನ್ನ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಭಾಷೆಯೂ ಮುಖ್ಯ. ನಮ್ಮ 'ಉಚ್ಚೆ' ತೆಲುಗಿನಲ್ಲಿ 'ಉಚ್ಚ', 'ಉರಿ' ಎಂದರೆ 'ಮಂಟ'. ಕೊನೆಯ ಸಲ ಎಷ್ಟು ಹೊತ್ತಿಗೆ ಮಾಡಿತು, ಧಾರೆ ಹೇಗಿತ್ತು, ಮಲ ಹೋಗಿ ಎಷ್ಟು ದಿನವಾಯಿತು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಸೋಂಕಿನ ಅನುಮಾನವಿದ್ದರೆ ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಮೂತ್ರ ಪರೀಕ್ಷೆಗೆ ಕೊಡಬೇಕು. ಅಂಗಡಿಯ ಮಾತ್ರೆ ನುಂಗಿಸಿದರೆ ರೋಗಾಣು ಪತ್ತೆಯಾಗುವುದು ಕಷ್ಟ. ಜ್ವರ ಇಳಿದರೂ ಡಾಕ್ಟರು ಹೇಳಿದಷ್ಟು ದಿನ ಔಷಧಿ ಮುಗಿಸಬೇಕು.

ಮತ್ತೆ ಬಾರದಂತೆ

ಮೂರು ಗಂಟೆಗೊಮ್ಮೆ ಉಚ್ಚೆಗೆ ಕಳಿಸುವುದು, ಸಾಕಷ್ಟು ನೀರು, ಸೊಪ್ಪು, ಹಣ್ಣು ಕೊಡುವುದು, ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಲು ಕಲಿಸುವುದು ರೂಢಿಯಾಗಬೇಕು. ಹಾಸಿಗೆ ಒದ್ದೆ ಮಾಡಿದರೆ ಬೈಯಬಾರದು. ಬೈಗುಳಕ್ಕೆ ಹೆದರಿದ ಮಗು ನೋವನ್ನೂ ಮುಚ್ಚಿಡುತ್ತದೆ.