ಯುಗಾದಿ ಎಲ್ಲರ ಹೊಸ ವರ್ಷವೇ? ಊರ ಪದ್ಧತಿಯನ್ನು ದೇಶದ ಪದ್ಧತಿ ಎಂದುಕೊಂಡಾಗ

ಚೈತ್ರ ಶುದ್ಧ ಪಾಡ್ಯಮಿಯಂದು ಭಾರತದ ಹಿಂದೂಗಳೆಲ್ಲರೂ ಹೊಸ ವರ್ಷ ಆಚರಿಸುತ್ತಾರೆ ಎಂಬ ನಂಬಿಕೆ ಕರ್ನಾಟಕದಲ್ಲಿ ಗಟ್ಟಿಯಾಗಿ ಬೇರೂರಿದೆ. ಅಂದು ಹೊಸ ವರ್ಷದ ಹಬ್ಬ ಮಾಡುವವರು ಮುಖ್ಯವಾಗಿ ಕನ್ನಡಿಗರು, ತೆಲುಗರು ಮತ್ತು ಗುಡಿ ಪಾಡ್ವಾ ಆಚರಿಸುವ ಮರಾಠಿಗರು. ಕಾಶ್ಮೀರಿ ಪಂಡಿತರ ನವರೇಹ್ ಕೂಡ ಅದೇ ದಿನ ಬರುತ್ತದೆ. ತಮಿಳರು, ಬಂಗಾಳಿಗಳು, ಅಸ್ಸಾಮಿಗಳು, ಒಡಿಯಾ ಜನ ಮತ್ತು ಪಂಜಾಬಿಗಳಿಗೆ ಹೊಸ ವರ್ಷ ಬರುವುದು ಏಪ್ರಿಲ್ ನಡುವೆ, ಸೂರ್ಯ ಮೇಷ ರಾಶಿಯನ್ನು ಪ್ರವೇಶಿಸುವ ಹೊತ್ತಿಗೆ. ಗುಜರಾತಿಗಳ ವರ್ಷ ಆರಂಭವಾಗುವುದು ಕಾರ್ತಿಕ ಶುದ್ಧ ಪಾಡ್ಯಮಿಗೆ. ಕರ್ನಾಟಕದಲ್ಲಿ ಅದು ಬಲಿಪಾಡ್ಯಮಿ, ದೀಪಾವಳಿಯ ಕೊನೆಯ ದಿನ. ಮಲಯಾಳಿಗಳು ಏಪ್ರಿಲ್‌ನಲ್ಲಿ ವಿಷು ಆಚರಿಸಿದರೂ ಅವರ ಕೊಲ್ಲವರ್ಷ ಬದಲಾಗುವುದು ಆಗಸ್ಟ್‌ನಲ್ಲಿ, ಚಿಂಗಂ ತಿಂಗಳ ಮೊದಲ ದಿನ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕರ್ನಾಟಕದೊಳಗೇ ತುಳುನಾಡಿನ ಹೊಸ ವರ್ಷ ಬಿಸು. ಹಿಂದಿನ ರಾತ್ರಿ ದೇವರ ಮುಂದೆ ಅಕ್ಕಿ, ತೆಂಗಿನಕಾಯಿ, ಹಣ್ಣು, ತರಕಾರಿ, ಕನ್ನಡಿ ಜೋಡಿಸಿಟ್ಟು ಬೆಳಿಗ್ಗೆ ಎದ್ದೊಡನೆ ಆ ಕಣಿ ನೋಡಿ, ಆಮೇಲೆ ಹಿರಿಯರ ಕಾಲಿಗೆ ಬೀಳುವುದು ಅಲ್ಲಿನ ಕ್ರಮ. ಬೇವು-ಬೆಲ್ಲದ ಮಾತೇ ಅದರಲ್ಲಿಲ್ಲ. ಕೊಡಗಿನಲ್ಲೂ ವರ್ಷ ಸೌರಮಾನದ ಪ್ರಕಾರವೇ ಏಪ್ರಿಲ್‌ನಲ್ಲಿ, ಎಡಮ್ಯಾರ್ ಒಂದರಂದು ಶುರುವಾಗುತ್ತದೆ. ಯುಗಾದಿಯನ್ನು ‘ಕರ್ನಾಟಕದ ಹೊಸ ವರ್ಷ’ ಎಂದು ಕರೆಯುವುದೂ ಹಾಗಾಗಿ ಪೂರ್ತಿ ಸರಿಯಲ್ಲ. ಇನ್ನು ರಾಷ್ಟ್ರೀಯ ಪಂಚಾಂಗದ ಚೈತ್ರ ಒಂದಾದರೂ ಯುಗಾದಿಯೇ ಇರಬಹುದು ಎಂದುಕೊಂಡರೆ ಅದೂ ತಪ್ಪು. ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ 1957ರ ಮಾರ್ಚ್ 22ರಂದು ಜಾರಿಗೆ ಬಂದ ಆ ಪಂಚಾಂಗ ಶುದ್ಧ ಸೌರಮಾನದ್ದು. ಅದರ ಚೈತ್ರ ಒಂದು ಸದಾ ಮಾರ್ಚ್ 22, ಅಧಿಕ ವರ್ಷಗಳಲ್ಲಿ 21. ಚಾಂದ್ರಮಾನದ ಯುಗಾದಿ ಹಾಗೆ ಒಂದೆಡೆ ನಿಲ್ಲುವುದಿಲ್ಲ: 2024ರಲ್ಲಿ ಅದು ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ.

ಹೊಸ ವರ್ಷಕ್ಕಿಂತ ಹೆಚ್ಚು ಗೊಂದಲ ತರುವುದು ತಿಂಗಳುಗಳ ಲೆಕ್ಕ. ಶ್ರಾವಣ ಎಂದರೆ ಎಲ್ಲ ಕಡೆಯೂ ಒಂದೇ ಶ್ರಾವಣ ಎಂದು ಭಾವಿಸಿದವರಿಗೆ, ಉತ್ತರ ಭಾರತದ ಕಾವಡ ಯಾತ್ರೆ ಮತ್ತು ಶ್ರಾವಣ ಸೋಮವಾರದ ಪೂಜೆಗಳು ಇಲ್ಲಿ ಇನ್ನೂ ಆಷಾಢವಿರುವಾಗಲೇ ಶುರುವಾಗುವುದನ್ನು ಕಂಡು ಅಚ್ಚರಿಯಾಗುತ್ತದೆ. ಯಾರೂ ತಪ್ಪು ಎಣಿಸಿರುವುದಿಲ್ಲ. ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಇದು ಅಮಾಂತ ಪದ್ಧತಿ. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಅದು ಹುಣ್ಣಿಮೆಗೆ ಮುಗಿಯುತ್ತದೆ, ಅದು ಪೂರ್ಣಿಮಾಂತ. ಎರಡರಲ್ಲೂ ಶುಕ್ಲಪಕ್ಷದ ಹೆಸರು ಒಂದೇ ಆಗಿರುವುದರಿಂದ ರಾಮನವಮಿ, ಗಣೇಶ ಚೌತಿ, ವಿಜಯದಶಮಿಗಳ ತಿಂಗಳ ಬಗ್ಗೆ ತಕರಾರೇ ಇಲ್ಲ. ಕೃಷ್ಣಪಕ್ಷ ಬಂದಾಗ ಹೆಸರು ಒಂದು ತಿಂಗಳು ಮುಂದೆ ಹೋಗುತ್ತದೆ. ಇಲ್ಲಿ ಶ್ರಾವಣ ಬಹುಳ ಅಷ್ಟಮಿಗೆ ಬರುವ ಕೃಷ್ಣಾಷ್ಟಮಿ ಅಲ್ಲಿ ಭಾದ್ರಪದದ್ದು. ಇಲ್ಲಿನ ಮಾಘ ಬಹುಳ ಚತುರ್ದಶಿಯ ಶಿವರಾತ್ರಿ ಅಲ್ಲಿ ಫಾಲ್ಗುಣದ್ದು. ಇಲ್ಲಿ ಭಾದ್ರಪದದ ಪಿತೃಪಕ್ಷ ಅಲ್ಲಿ ಆಶ್ವಿನದ್ದು. ದಿನ ಅದೇ, ಚಂದ್ರನೂ ಅದೇ. ಎರಡು ಊರಿನ ಪಂಚಾಂಗಗಳನ್ನು ಪಕ್ಕದಲ್ಲಿಟ್ಟು ಒಂದನ್ನು ಸುಳ್ಳೆನ್ನುವ ವಾದಗಳು ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ. ಪೂರ್ಣಿಮಾಂತದಲ್ಲಿ ಇನ್ನೊಂದು ವಿಶೇಷವಿದೆ. ಹೋಳಿ ಹುಣ್ಣಿಮೆಯ ಮರುದಿನವೇ ಅಲ್ಲಿ ಚೈತ್ರ ಶುರುವಾಗುತ್ತದೆ, ವಿಕ್ರಮ ಸಂವತ್ಸರ ಮಾತ್ರ ಹದಿನೈದು ದಿನ ಕಳೆದು ಶುಕ್ಲಪಕ್ಷದಲ್ಲಿ ಬದಲಾಗುತ್ತದೆ. ಹೀಗಾಗಿ ಚೈತ್ರದ ಅರ್ಧ ಹಳೆಯ ವರ್ಷಕ್ಕೆ ಸೇರಿ, ಉಳಿದರ್ಧ ಹೊಸದಕ್ಕೆ ಸೇರುತ್ತದೆ.

ಮದುವೆಯ ಕಾಲದ ಬಗೆಗಿನ ನಂಬಿಕೆಯೂ ಇದೇ ಜಾತಿಯದು. ಆಷಾಢದಲ್ಲಿ ಶುಭಕಾರ್ಯ ಬೇಡ, ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂದು ಹೊಸ ಮದುಮಗಳನ್ನು ತವರಿಗೆ ಕಳಿಸುವುದು, ಶ್ರಾವಣ ಬಂದೊಡನೆ ಮತ್ತೆ ಛತ್ರಗಳು ತುಂಬುವುದು ಕರ್ನಾಟಕದ ರೂಢಿ. ಉತ್ತರದ ಲೆಕ್ಕವೇ ಬೇರೆ. ಅಲ್ಲಿ ಆಷಾಢ ಶುದ್ಧ ಏಕಾದಶಿಗೆ ವಿಷ್ಣು ಮಲಗಿದರೆ ಕಾರ್ತಿಕ ಶುದ್ಧ ಏಕಾದಶಿಗೆ ಏಳುವವರೆಗೂ, ಅಂದರೆ ಚಾತುರ್ಮಾಸ್ಯ ಪೂರ್ತಿ, ಸಾಮಾನ್ಯವಾಗಿ ಮದುವೆಗಳಿಲ್ಲ. ಇಲ್ಲಿ ಮುಹೂರ್ತ ಹುಡುಕುವ ಶ್ರಾವಣ ಅಲ್ಲಿ ನಿಷಿದ್ಧ. ಆದರೆ ಮದುವೆಯಾದ ಹೆಣ್ಣುಮಗಳು ತವರಿಗೆ ಬರುವುದು ಅಲ್ಲೂ ಉಂಟು, ಅದು ಶ್ರಾವಣದಲ್ಲಿ. ರಾಜಸ್ಥಾನ, ಹರಿಯಾಣಗಳಲ್ಲಿ ಶ್ರಾವಣ ಶುದ್ಧ ತದಿಗೆಯ ತೀಜ್ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬಂದು ಮರಕ್ಕೆ ಕಟ್ಟಿದ ಉಯ್ಯಾಲೆ ಜೀಕುತ್ತಾರೆ. ಅದರಿಂದ ಎರಡೇ ದಿನಕ್ಕೆ ಉತ್ತರ ಕರ್ನಾಟಕದ ಪಂಚಮಿ: ತವರಿನಿಂದ ಕರೆಯಲು ಬರುವ ಅಣ್ಣ, ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ. ಧಾರವಾಡ, ವಿಜಯಪುರಗಳ ಈ ಹಬ್ಬ ಹುತ್ತಕ್ಕೆ ತನಿ ಎರೆದು ಮುಗಿಸುವ ಮೈಸೂರಿನ ನಾಗರಪಂಚಮಿಗಿಂತ ಹರಿಯಾಣದ ತೀಜ್‌ಗೇ ಹತ್ತಿರವಾಗಿ ಕಾಣುತ್ತದೆ. ಪದ್ಧತಿಗಳ ಗಡಿ ರಾಜ್ಯಗಳ ಗಡಿಯ ಮೇಲೆ ಕೂರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚೆಂದದ ನಿದರ್ಶನ ಸಿಗುವುದು ಕಷ್ಟ.

ನವರಾತ್ರಿಯ ಗೊಂಬೆ ಕೂರಿಸುವ ಪದ್ಧತಿ ಹಳೆ ಮೈಸೂರು ಸೀಮೆ, ತಮಿಳುನಾಡು ಮತ್ತು ತೆಲುಗು ನಾಡಿನದು. ಉತ್ತರ ಕರ್ನಾಟಕದ ದಸರೆಯಲ್ಲಿ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಎನ್ನುವುದೇ ಮುಖ್ಯ. ಆಯುಧಪೂಜೆ ಮಹಾನವಮಿಗೇ ಎಲ್ಲೆಡೆ ನಡೆಯುತ್ತದೆ ಎನ್ನುವುದೂ ಸರಿಯಲ್ಲ. ಬಂಗಾಳ, ಬಿಹಾರ, ಒಡಿಶಾಗಳ ಕಾರ್ಖಾನೆಗಳಲ್ಲಿ ಯಂತ್ರ, ಉಪಕರಣಗಳಿಗೆ ಪೂಜೆ ಸಲ್ಲುವುದು ಸೆಪ್ಟೆಂಬರ್ 17ರ ಆಸುಪಾಸಿನ ವಿಶ್ವಕರ್ಮ ಪೂಜೆಯಂದು. ಪುಸ್ತಕವಿಟ್ಟು ಮಾಡುವ ಸರಸ್ವತಿ ಪೂಜೆ ಬಂಗಾಳದಲ್ಲಿ ವಸಂತ ಪಂಚಮಿಗೆ ನಡೆಯುತ್ತದೆ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಅಲ್ಲಿ ಕಾಳಿಗೆ ಮೀಸಲು. ಸಂಕ್ರಾಂತಿಯ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ ಹಿಡಿದು ಮನೆಮನೆಗೆ ಬೀರುವುದು ಮತ್ತು ಸಂಜೆ ದನಗಳನ್ನು ಕಿಚ್ಚು ಹಾಯಿಸುವುದು ಬೆಂಗಳೂರು, ಮೈಸೂರು, ಮಂಡ್ಯ ಕಡೆಯ ವೈಭವ. ಕರಾವಳಿಯಲ್ಲಿ ಅದಕ್ಕೆ ಅಂಥ ಸ್ಥಾನವಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನೆಂಟಸ್ತಿಕೆಯ ವಿಷಯ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೇಳುವುದು ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಹಕ್ಕಿನಂತೆಯೇ ನಡೆದುಬಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಮದುವೆಗಳಲ್ಲಿ ಕಾಲು ಭಾಗದಷ್ಟು ರಕ್ತಸಂಬಂಧದೊಳಗೆ ಆದವು. ಇಡೀ ದೇಶದಲ್ಲಿ ಅದು ಹತ್ತರಲ್ಲಿ ಒಂದರಷ್ಟು. ಉತ್ತರ ಭಾರತದ ಬಹುಪಾಲು ಹಿಂದೂಗಳಿಗೆ ಸೋದರಮಾವ ವರನಾಗುವ ಮಾತೇ ಆಘಾತ ತರುತ್ತದೆ. ಹರಿಯಾಣದಲ್ಲಿ ತಂದೆಯ ಗೋತ್ರ, ತಾಯಿಯ ಗೋತ್ರ, ಅಜ್ಜಿಯ ಗೋತ್ರವನ್ನೂ ಬಿಟ್ಟು ಹೆಣ್ಣು ಹುಡುಕುತ್ತಾರೆ, ಒಂದೇ ಹಳ್ಳಿಯವರನ್ನು ಅಣ್ಣ-ತಂಗಿ ಎಂದೇ ಎಣಿಸುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ-ಸೋದರಸೊಸೆಯರ, ಅಣ್ಣ-ತಂಗಿಯರ ಮಕ್ಕಳ ಮದುವೆಯನ್ನು ನಿಷೇಧಿತ ಸಂಬಂಧಗಳ ಪಟ್ಟಿಯಲ್ಲೇ ಇಟ್ಟಿದೆ. ದಕ್ಷಿಣದಲ್ಲಿ ಇಂಥ ಮದುವೆಗಳು ಊರ್ಜಿತವಾಗುವುದು ಪಕ್ಷಗಳ ರೂಢಿ ಒಪ್ಪಿದರೆ ತಡೆಯಿಲ್ಲ ಎಂದು ಅದೇ ಕಾಯ್ದೆ ಬಿಟ್ಟಿರುವ ವಿನಾಯಿತಿಯಿಂದ.

ಇದನ್ನು ‘ದಕ್ಷಿಣದ ಪದ್ಧತಿ’ ಎಂದು ಒಟ್ಟಾಗಿ ಹೇಳುವುದೂ ಆತುರದ ಮಾತೇ. ತುಳುನಾಡಿನ ಬಂಟರಂಥ ಅಳಿಯಸಂತಾನ ಸಮುದಾಯಗಳಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಮಾವನದೂ ಅಕ್ಕನ ಮಗಳದೂ ಒಂದೇ ಬಳಿಯಾದ್ದರಿಂದ ಆ ಮದುವೆ ಅಲ್ಲಿ ನಿಷಿದ್ಧ. ತಂದೆಯ ಕಡೆಯಿಂದ ಕುಲ ಎಣಿಸುವ ಮಂಡ್ಯ, ತುಮಕೂರುಗಳಲ್ಲಿ ಅಕ್ಕನ ಮಗಳು ಬೇರೆ ಮನೆತನದವಳು. ಅಲ್ಲಿ ಅದೇ ಮದುವೆ ಸಲ್ಲುತ್ತದೆ. ಸ್ವಂತ ಕುಲದಲ್ಲಿ ಮದುವೆ ಕೂಡದು ಎಂಬ ನಿಯಮವನ್ನು ಎರಡೂ ಕಡೆಯವರು ನಿಷ್ಠೆಯಿಂದಲೇ ಪಾಲಿಸುತ್ತಿದ್ದಾರೆ. ಇಷ್ಟು ತಿಳಿಯದೆ ಒಬ್ಬರ ನಡೆಯನ್ನು ಇನ್ನೊಬ್ಬರು ಅನಾಚಾರ ಎನ್ನುವುದು ಅನ್ಯಾಯ.

ಹಿಂದೂಗಳೆಲ್ಲ ಶವವನ್ನು ಸುಡುತ್ತಾರೆ ಎಂಬ ಸಾಮಾನ್ಯ ನಂಬಿಕೆಗೆ ಕರ್ನಾಟಕದಲ್ಲೇ ಉತ್ತರವಿದೆ. ಲಿಂಗಾಯತರು ದೇಹವನ್ನು ಕೂತ ಭಂಗಿಯಲ್ಲಿ, ಇಷ್ಟಲಿಂಗದೊಡನೆ ಸಮಾಧಿ ಮಾಡುತ್ತಾರೆ. ಹೂಳುವ ಪದ್ಧತಿ ಇರುವ ಸಮುದಾಯಗಳು ಇನ್ನೂ ಅನೇಕ ಇವೆ.

ಹೆಸರಿಡುವ ಕ್ರಮ ಮಾತ್ರ ಇಂದಿನ ದಿನಚರಿಯಲ್ಲಿ ನೇರವಾಗಿ ತೊಡಕು ತರುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಹೆಸರಿನ ಮುಂದಿನ ಅಕ್ಷರಗಳು ಸಾಮಾನ್ಯವಾಗಿ ಊರು ಮತ್ತು ತಂದೆಯ ಹೆಸರಿನವು. ಎಸ್.ಎಲ್. ಭೈರಪ್ಪ ಅವರ ಎಸ್ ಸಂತೇಶಿವರ, ಎಲ್ ಲಿಂಗಣ್ಣಯ್ಯ. ಕುವೆಂಪು ಹೆಸರಿನಲ್ಲಿ ಕುಪ್ಪಳಿ ಮತ್ತು ವೆಂಕಟಪ್ಪ ಇದ್ದಾರೆ. ಉತ್ತರ ಕರ್ನಾಟಕದಲ್ಲಿ ಮನೆತನದ ಅಡ್ಡಹೆಸರು ಕೊನೆಗೆ ಬರುತ್ತದೆ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಡ್ಡಹೆಸರಿಗೂ ಸ್ವಂತ ಹೆಸರಿಗೂ ಬೇರೆ ಬೇರೆ ಅಂಕಣಗಳಿರುವುದರಿಂದ ಧಾರವಾಡದವರಿಗೆ ಅದು ಸುಲಭ, ಹಾಸನದವರಿಗೆ ಕಗ್ಗಂಟು. ಅಡ್ಡಹೆಸರಿಲ್ಲದೆ ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದವರಿಗೆ ಅಮೆರಿಕದ ವೀಸಾದಲ್ಲಿ ಆ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದು ಅದರ ಅರ್ಥ. ಹೀಗಾಗಿ ಅಲ್ಲಿಗೆ ಹೋದ ಎಷ್ಟೋ ಕನ್ನಡಿಗರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಅಡ್ಡಹೆಸರಾಗಿ ಬರೆಸಿಕೊಂಡಿದ್ದಾರೆ. ಅಪ್ಪನ ಹೆಸರು ಬರೆಸಿಕೊಂಡವರನ್ನು ಅಲ್ಲಿನ ಕಚೇರಿಗಳಲ್ಲಿ ಕೂಗುವುದು ಅಪ್ಪನ ಹೆಸರಿನಿಂದಲೇ.